ಅಧ್ಯಯನ ಟಿಪ್ಪಣಿ: ಕೋಷ್ಟಕದಲ್ಲಿ ಖಾಲಿ ಉಳಿದ ಮನೆಗಳು

ಜಗತ್ತಿನ ಪ್ರಮುಖ ಧರ್ಮಗಳನ್ನು ಓದಲು ಕುಳಿತ ದಿನ ನಾನು ಮೊದಲು ಮಾಡಿದ್ದು, ಚಿತ್ರದುರ್ಗದ ಬಾಡಿಗೆ ಕೋಣೆಯಲ್ಲಿ ಹೊಸ ನೋಟ್‌ಬುಕ್ಕಿಗೆ ಸ್ಕೇಲಿನಿಂದ ಗೆರೆ ಎಳೆದು ಕೋಷ್ಟಕ ಹಾಕಿದ್ದು. ಸ್ಥಾಪಕ, ಧರ್ಮಗ್ರಂಥ, ದೇವರು, ಪೂಜಾಸ್ಥಳ ಎಂದು ನಾಲ್ಕು ಅಂಕಣ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಚಟ ಬಿಡುವುದಿಲ್ಲ. ಕ್ರೈಸ್ತ ಧರ್ಮದ ಸಾಲು ಐದು ನಿಮಿಷದಲ್ಲಿ ತುಂಬಿತು. ಹಿಂದೂ ಧರ್ಮದ ಸ್ಥಾಪಕನ ಮನೆ ಖಾಲಿ ಉಳಿಯಿತು. ಬೌದ್ಧ ಧರ್ಮದಲ್ಲಿ ದೇವರ ಮನೆಗೆ ‘ಇಲ್ಲ’ ಎಂದು ಬರೆದು, ಸಮಾಧಾನವಾಗದೆ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಮಸೀದಿಯನ್ನು ‘ಪೂಜಾಸ್ಥಳ’ದ ಕೆಳಗೆ ಬರೆಯುವಾಗ ಕೈ ತಡೆಯಿತು, ಏಕೆಂದರೆ ನಾವು ಪೂಜೆ ಎಂದು ಕರೆಯುವ ಯಾವ ಉಪಚಾರವೂ ನಮಾಜಿನಲ್ಲಿಲ್ಲ. ತಪ್ಪು ನನ್ನ ಗೆರೆಗಳದ್ದೇ ಎಂದು ಒಪ್ಪಿಕೊಳ್ಳಲು ಒಂದು ತಿಂಗಳು ಹಿಡಿಯಿತು.

ಒಪ್ಪಿಸಿದ್ದು ನಮ್ಮ ಜಿಲ್ಲೆಯದೇ ಒಂದು ಬಂಡೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಕಿರು ಶಿಲಾಶಾಸನವನ್ನು ಶಾಸನತಜ್ಞ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲೂ ಇದರ ಪ್ರತಿಗಳಿವೆ. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿಯಿಂದ ಇಸಿಲವೆಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಈ ಆಜ್ಞೆ ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿದೆ. ತಾನು ಬುದ್ಧನ ಗೃಹಸ್ಥ ಅನುಯಾಯಿ, ಅಂದರೆ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು ಎಂದು ಹೇಳಿಕೊಳ್ಳುವ ದೊರೆ, ಧರ್ಮದ ಗುಣಗಳನ್ನು ವಿವರಿಸುವಾಗ ನಿರ್ವಾಣದ ಮಾತೆತ್ತುವುದಿಲ್ಲ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎನ್ನುತ್ತಾನೆ, ಮತ್ತು ಇದು ಹಿಂದಿನಿಂದಲೂ ಬಂದ ನಡೆ ಎಂದು ಸೇರಿಸುತ್ತಾನೆ. ಕೊನೆಯಲ್ಲಿ ಲಿಪಿಕಾರ ಚಪಡನು ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ವಾಯವ್ಯದ ಗಾಂಧಾರ ಸೀಮೆಯ ಲಿಪಿ ನಮ್ಮ ಕಲ್ಲಿನ ಮೇಲೆ ಹೀಗೆ ಉಳಿದಿರುವುದನ್ನು ಕಂಡು ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಅದೇ ಅಶೋಕನ ಇನ್ನೊಂದು ಶಾಸನ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ, ಅಫ್ಘಾನಿಸ್ತಾನದ ಕಂದಹಾರದಲ್ಲಿ, 1958ರಲ್ಲಿ ಸಿಕ್ಕಿತು. ಅಲ್ಲಿ ‘ಧಮ್ಮ’ಕ್ಕೆ ಗ್ರೀಕಿನವನು ಭಕ್ತಿಗೌರವವೆಂಬ ಅರ್ಥದ ‘ಯೂಸೆಬೆಯಾ’ವನ್ನು ಬಳಸಿದರೆ, ಅರಾಮಿಕ್ ಪಾಠದಲ್ಲಿ ಸತ್ಯವೆಂಬ ಅರ್ಥದ ಪದವಿದೆ. ಒಂದೇ ಮಾತು, ಒಂದೇ ಬಂಡೆ, ಎರಡು ಅರ್ಥ. ನಮ್ಮ ಆಡುಮಾತನ್ನೇ ನೋಡಿ: ಧರ್ಮಛತ್ರ, ಧರ್ಮಾಸ್ಪತ್ರೆ ಎನ್ನುವಾಗ ಧರ್ಮವೆಂದರೆ ದಾನ, ಸಂತೆಯಲ್ಲಿ ಸಿಕ್ಕಿಬಿದ್ದ ಜೇಬುಗಳ್ಳನಿಗೆ ಬೀಳುವ ಧರ್ಮದೇಟಿನಲ್ಲಿ ಅದು ಪುಕ್ಕಟೆ. ಅರಬಿಯ ‘ದೀನ್’ ಪದಕ್ಕೂ ಧರ್ಮವೆಂದು ಬರೆದು ಮುಂದೆ ಹೋಗುತ್ತೇವೆ, ಆದರೆ ಕುರಾನಿನ ಮೊದಲ ಅಧ್ಯಾಯದಲ್ಲೇ ಅದು ತೀರ್ಪಿನ ದಿನವೆಂಬ ಮಾತಿನಲ್ಲಿ ಬರುತ್ತದೆ.

ಹಾಗಾಗಿ, ಜೊತೆಗೆ ಓದುತ್ತಿರುವವರಿಗೆ ನನ್ನ ಸಲಹೆ ಇಷ್ಟು: ‘ಅವರು ಏನನ್ನು ನಂಬುತ್ತಾರೆ’ ಎಂಬ ಒಂದೇ ಪ್ರಶ್ನೆಯನ್ನು ಎಲ್ಲರ ಬಾಗಿಲಿಗೂ ಒಯ್ಯಬೇಡಿ. ಕ್ರೈಸ್ತರಿಗೆ ಅದು ಹೊಂದುತ್ತದೆ, ಏಕೆಂದರೆ ಕ್ರಿ.ಶ. 325ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯಾದ ಸಭೆಯಲ್ಲಿ ಬಿಷಪ್ಪರು ಕೂಡಿ, ಮಗನಾದ ಯೇಸು ತಂದೆಯಾದ ದೇವರ ಸತ್ವದವನೇ ಎಂಬ ವಿವಾದ ಬಿಡಿಸಲು ನಂಬಿಕೆಯನ್ನೇ ವಾಕ್ಯಗಳಾಗಿ ಬರೆದರು. ಯಹೂದಿಗಳನ್ನು ಓದುವಾಗ, ಸಂಪ್ರದಾಯ ಎಣಿಸುವ 613 ಆಜ್ಞೆಗಳಲ್ಲಿ ಯಾವುದನ್ನು ಹೇಗೆ ಪಾಲಿಸುತ್ತಾರೆ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ಇಸ್ಲಾಮಿನ ಐದು ಸ್ತಂಭಗಳಲ್ಲಿ ಮೊದಲನೆಯದು ಸಾಕ್ಷಿನುಡಿ, ಅಂದರೆ ದೇವರೊಬ್ಬನೇ, ಮುಹಮ್ಮದ್ ಅವನ ದೂತ ಎಂದು ನುಡಿಯುವುದು. ಉಳಿದ ನಾಲ್ಕೂ ಮಾಡುವ ಕೆಲಸಗಳು, ಅದರಲ್ಲಿ ಝಕಾತ್ ಎಂಬ ಕಡ್ಡಾಯ ದಾನವು ವರ್ಷ ತುಂಬಿದ ಉಳಿತಾಯದ ಮೇಲೆ ಶೇ. 2.5ರ ಲೆಕ್ಕ.

ಹೊಸ ಹಾಳೆಯಲ್ಲಿ ಅಂಕಣಗಳ ತಲೆಬರಹ ತೆಗೆದು, ಆಯಾ ಜನ ತಮ್ಮ ದಾರಿಗೆ ಇಟ್ಟುಕೊಂಡ ಪದವನ್ನು ಮೊದಲು ಬರೆಯುತ್ತಿದ್ದೇನೆ. ಆದರೂ ಒಂದು ಸಾಲು ಕೂರುತ್ತಿಲ್ಲ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಹರಕೆ ತೀರುತ್ತದೆ, ಮನೆಮನೆಗೂ ನೆಂಟರು ತುಂಬುತ್ತಾರೆ. ಇದಕ್ಕೆ ಹೆಸರೇನೆಂದು ನಮ್ಮ ಅತ್ತೆಯನ್ನು ಕೇಳಿದೆ. ‘ಹಬ್ಬ ಕಣಪ್ಪ, ಇನ್ನೇನು’ ಎಂದರು. ಸದ್ಯಕ್ಕೆ ಪೆನ್ಸಿಲಿನಲ್ಲಿ ಅದನ್ನೇ ಬರೆದಿದ್ದೇನೆ.