ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆಯೇ? ಮೊದಲು ಇನ್ವರ್ಟರ್ ಹಿಂದಿನ ಸ್ವಿಚ್ ನೋಡಿ

ಪ್ರಶ್ನೆ: ಸರ್, ಚಿಂತಾಮಣಿ ತಾಲ್ಲೂಕು ಕೈವಾರ ಹೋಬಳಿಯ ಹಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ-ಆದಾಯದ ಅರ್ಜಿ, ಪ್ರಿಂಟ್, ಜೆರಾಕ್ಸ್ ಮಾಡ್ತೀವಿ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ನಾಲ್ಕು ವರ್ಷ ಆಯ್ತು. ಈಗ ಅರ್ಜಿ ತುಂಬುತ್ತಿರುವಾಗಲೇ ಸ್ಕ್ರೀನ್ ಕಪ್ಪಾಗಿ ತಾನಾಗೇ ರೀಸ್ಟಾರ್ಟ್ ಆಗುತ್ತೆ. ಇನ್ವರ್ಟರ್ ಇದೆ, ಬ್ಯಾಟರಿ ಹೊಸದು. ರಿಪೇರಿ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಕೊಟ್ಟರು. ಅಲ್ಲಿ ಎರಡು ದಿನ ಚೆನ್ನಾಗೇ ಓಡಿತಂತೆ. ಇಲ್ಲಿಗೆ ತಂದ ಮೇಲೆ ಮತ್ತೆ ಅದೇ ಗೋಳು. ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂತಾರೆ. ತಗೋಬೇಕಾ?

ಉತ್ತರ: ಈಗಲೇ ಬೇಡ. ಅಂಗಡಿಯಲ್ಲಿ ಎರಡು ದಿನ ಸರಿಯಾಗಿ ಓಡಿದ ಕಂಪ್ಯೂಟರ್ ನಿಮ್ಮ ಹಳ್ಳಿಗೆ ಬಂದ ಕೂಡಲೇ ಕೈಕೊಡುತ್ತದೆ ಎಂದರೆ, ಮೊದಲು ಅನುಮಾನ ಪಡಬೇಕಾದದ್ದು ಅದಕ್ಕೆ ಸಿಗುತ್ತಿರುವ ಕರೆಂಟಿನ ಮೇಲೆ. ಇಂಥ ತೊಂದರೆಗೆ ಫಾರ್ಮ್ಯಾಟ್ ಮದ್ದಲ್ಲ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ, ಫಾಂಟುಗಳು, ಬೆರಳಚ್ಚು ಸಾಧನದ ಡ್ರೈವರ್ ಎಲ್ಲವನ್ನೂ ಮತ್ತೆ ಹಾಕಿಕೊಳ್ಳುವ ಕೆಲಸ ನಿಮ್ಮ ತಲೆಗೆ ಬಂತು, ಅಷ್ಟೇ.

ಕಂಪ್ಯೂಟರ್ ಒಳಗೇ ಇದಕ್ಕೊಂದು ದಾಖಲೆ ಇರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ. ರೀಸ್ಟಾರ್ಟ್ ಆದ ಹೊತ್ತಿನ ಸಾಲುಗಳಲ್ಲಿ ಕರ್ನಲ್-ಪವರ್, ಸಂಖ್ಯೆ 41 ಎಂಬ ಸಾಲು ಕೆಂಪು ಗುರುತಿನೊಂದಿಗೆ ಕಾಣಬೇಕು. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಎಂದಷ್ಟೇ ಅದರ ಅರ್ಥ. ಕಾರಣವನ್ನು ಅದು ಹೇಳುವುದಿಲ್ಲ. ಅದರ ಡೀಟೇಲ್ಸ್ ತೆರೆದರೆ ಬಗ್‌ಚೆಕ್‌ಕೋಡ್ ಎಂಬಲ್ಲಿ ಒಂದು ಅಂಕಿ ಇರುತ್ತದೆ. ಅದು 0 ಆಗಿದ್ದರೆ, ವಿಂಡೋಸ್‌ಗೆ ದೋಷ ಬರೆದಿಡಲೂ ಸಮಯ ಸಿಕ್ಕಿಲ್ಲ. ಹೆಚ್ಚಾಗಿ ಕರೆಂಟ್ ತಪ್ಪಿದೆ ಎಂದುಕೊಳ್ಳಿ. 41ರ ಬದಲು 1074 ಇದ್ದರೆ, ವಿಂಡೋಸ್ ಅಪ್‌ಡೇಟ್ ಅಥವಾ ಬೇರಾವುದೋ ಪ್ರೋಗ್ರಾಂ ತಾನೇ ರೀಸ್ಟಾರ್ಟ್ ಮಾಡಿದೆ. ಹಾಗಿದ್ದರೆ ಹಾರ್ಡ್‌ವೇರ್ ತಂಟೆಗೇ ಹೋಗಬೇಡಿ.

ನಿಮ್ಮಲ್ಲಿ 41 ಮತ್ತು 0 ಸಿಗುತ್ತದೆ ಎಂದು ನನ್ನ ಅಂದಾಜು. ಯಾಕೆ ಅಂತ ಹೇಳುತ್ತೇನೆ.

ಗೋಡೆಯಿಂದ ಬರುವ 230 ವೋಲ್ಟನ್ನು ಸಿಪಿಯು ಡಬ್ಬಿಯೊಳಗಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ 12, 5, 3.3 ವೋಲ್ಟುಗಳಾಗಿ ಇಳಿಸಿ ಮದರ್‌ಬೋರ್ಡಿಗೆ ಕೊಡುತ್ತದೆ. ಕರೆಂಟ್ ಪೂರ್ತಿ ತಪ್ಪಿದರೂ ಒಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ನಲ್ಲಿ ಉಳಿದದ್ದರಿಂದ ಅದು ಸ್ವಲ್ಪ ಹೊತ್ತು ದೂಡಬಲ್ಲದು. ಆ ಸ್ವಲ್ಪ ಹೊತ್ತು ಎಂದರೆ, ಪೂರ್ತಿ ಲೋಡ್ ಇದ್ದಾಗ ಸುಮಾರು 16 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತೇ 20 ಮಿಲಿಸೆಕೆಂಡ್. ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ತಪ್ಪಿಗೂ ರೀಸ್ಟಾರ್ಟ್ ಆಗಬಹುದು. ಕೆಪಾಸಿಟರ್ ಹಳೆಯದಾದಂತೆ ಈ ತಾಳಿಕೆ ಇನ್ನೂ ಕಡಿಮೆಯಾಗುತ್ತದೆ. ಮೊದಲ ವರ್ಷ ತಡೆದುಕೊಂಡಿದ್ದನ್ನು ನಾಲ್ಕನೇ ವರ್ಷ ತಡೆಯಲಾಗದು.

ಈಗ ಇನ್ವರ್ಟರ್‌ಗೆ ಬನ್ನಿ. ಮನೆ-ಅಂಗಡಿಯ ಬಹುತೇಕ ಇನ್ವರ್ಟರ್‌ಗಳ ಹಿಂದೆ ಒಂದು ಚಿಕ್ಕ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಫ್ಯಾನು, ಬಲ್ಬಿಗೆ ನಾರ್ಮಲ್ ಸಾಕು. ಅದರಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು 16 ಮಿಲಿಸೆಕೆಂಡಿಗಿಂತ ಹೆಚ್ಚೇ ಹಿಡಿಯಬಹುದು, ಬಲ್ಬು ಒಂದು ಸಲ ಮಿಟುಕುತ್ತದೆ ಅಷ್ಟೇ. ಆದರೆ ಕಂಪ್ಯೂಟರಿಗೆ ಅಷ್ಟು ತಾಳ್ಮೆ ಇಲ್ಲ. ಇನ್ನೊಂದು ಸಮಸ್ಯೆ, ವೋಲ್ಟೇಜ್ ತೀರಾ ಕುಸಿದರೂ ನಾರ್ಮಲ್‌ನಲ್ಲಿ ಅದೇ ಕರೆಂಟ್ ಒಳಗೆ ಹರಿಯುತ್ತಿರುತ್ತದೆ. ಯುಪಿಎಸ್ ಕಡೆಗೆ ತಿರುಗಿಸಿದರೆ ಬದಲಾವಣೆ ಬೇಗ ಆಗುತ್ತದೆ, ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ತಾನೇ ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ಹೊಸದು ಎಂದಿರಿ. ಹಾಗಾದರೆ ಈ ಸ್ವಿಚ್ಚೇ ನಿಮ್ಮ ಮೊದಲ ಕೆಲಸ. ಖರ್ಚು ಏನೂ ಇಲ್ಲ.

ನಿಮ್ಮ ಕಡೆ ಇದು ಯಾಕೆ ಇಷ್ಟು ಕಾಡುತ್ತದೆ ಎಂಬುದು ನಿಮಗೇ ಗೊತ್ತು. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ, ಅದಕ್ಕೆ ತಕ್ಕ ದೊಡ್ಡ ಮೋಟ್ರುಗಳು. ತ್ರೀ ಫೇಸ್ ಬಂದ ತಕ್ಷಣ ಆಟೊ ಸ್ಟಾರ್ಟರ್ ಇರುವ ಮೋಟ್ರುಗಳೆಲ್ಲ ಒಟ್ಟಿಗೆ ಏಳುತ್ತವೆ. ನೇರವಾಗಿ ಸ್ಟಾರ್ಟ್ ಆಗುವ ಮೋಟ್ರು ಆ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅದೇ ಟಿ.ಸಿ.ಯಲ್ಲಿ (ಟ್ರಾನ್ಸ್‌ಫಾರ್ಮರ್) ನಿಮ್ಮ ಅಂಗಡಿಯೂ ಇದ್ದರೆ ವೋಲ್ಟೇಜ್ ಕುಸಿಯುತ್ತದೆ. ಇವೆಂಟ್ ವ್ಯೂವರ್‌ನಲ್ಲಿ 41 ಬಿದ್ದ ಸಮಯಗಳನ್ನು ಒಂದು ಚೀಟಿಯಲ್ಲಿ ಬರೆದು, ತ್ರೀ ಫೇಸ್ ಬರುವ ಹೊತ್ತಿನ ಜೊತೆ ಹೊಂದಿಸಿ ನೋಡಿ. ಊರಿನ ಲೈನ್‌ಮ್ಯಾನ್‌ಗೆ ಆ ಹೊತ್ತು ಬಾಯಿಪಾಠ ಇರುತ್ತದೆ.

ಪ್ರಿಂಟ್ ಕೊಟ್ಟಾಗಲೇ ರೀಸ್ಟಾರ್ಟ್ ಆಗುತ್ತದೆಯೇ ಎಂಬುದನ್ನೂ ಗಮನಿಸಿ. ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಹೀಟರ್ ಇರುತ್ತದೆ. ಅದು ಕಾಯುವಾಗ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ. ಮಾಮೂಲಿ 600 ವಿಎ ಯುಪಿಎಸ್ ಕೊಡುವುದೇ 360 ವ್ಯಾಟ್. ಹಾಗಾಗಿ ಲೇಸರ್ ಪ್ರಿಂಟರ್, ಜೆರಾಕ್ಸ್ ಯಂತ್ರ ಎರಡನ್ನೂ ಯುಪಿಎಸ್ ಅಥವಾ ಇನ್ವರ್ಟರ್ ಲೈನಿನಿಂದ ತೆಗೆದು, ನೇರ ಲೈನಿನ ಬೇರೆ ಸಾಕೆಟ್ಟಿಗೆ ಹಾಕಿ. ಕರೆಂಟ್ ಇಲ್ಲದಾಗ ಪ್ರಿಂಟ್ ಸಿಗುವುದಿಲ್ಲ, ಬಂದವರನ್ನು ಕಾಯಿಸಬೇಕಾಗುತ್ತದೆ, ನಿಜ. ಅರ್ಧ ತುಂಬಿದ ಅರ್ಜಿ ಕಳೆದುಕೊಳ್ಳುವುದಕ್ಕಿಂತ ಅದು ಮೇಲು.

ಸಿಪಿಯು ಡಬ್ಬಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆಯೇ? ಹಾಗಿದ್ದರೆ ಅರ್ಥಿಂಗ್ ಇಲ್ಲ ಅಥವಾ ಒಣಗಿದೆ. ಬೇಸಿಗೆಯಲ್ಲಿ ನಮ್ಮ ಮಣ್ಣು ಒಣಗಿದಾಗ ಅರ್ಥ್ ಗುಂಡಿಗೆ ನೀರು ಬಿಡುವುದನ್ನೇ ಮರೆಯುತ್ತೇವೆ. ರೀಸ್ಟಾರ್ಟಿಗೆ ಇದು ನೇರ ಕಾರಣ ಆಗದೇ ಇರಬಹುದು, ಆದರೆ ಜೀವದ ಪ್ರಶ್ನೆ. ದಯವಿಟ್ಟು ಎಲೆಕ್ಟ್ರಿಷಿಯನ್ ಕರೆಸಿ ಇದೊಂದನ್ನು ಸರಿಮಾಡಿಸಿ.

ಇಷ್ಟಾದ ಮೇಲೂ ನಿಲ್ಲದಿದ್ದರೆ ಡಬ್ಬಿ ತೆರೆಯಿರಿ, ಪ್ಲಗ್ ಕಿತ್ತಿಟ್ಟ ಮೇಲೆ. ಧೂಳು ತೆಗೆಯಿರಿ, ಪ್ರೊಸೆಸರ್ ಮೇಲಿನ ಫ್ಯಾನ್ ಸಲೀಸಾಗಿ ತಿರುಗುತ್ತದೆಯೇ ನೋಡಿ. ಆದರೆ ತೀರಾ ಬಿಸಿಯಾದ ಕಂಪ್ಯೂಟರ್ ಸಾಮಾನ್ಯವಾಗಿ ರೀಸ್ಟಾರ್ಟ್ ಆಗುವುದಕ್ಕಿಂತ ಪೂರ್ತಿ ಆಫ್ ಆಗುವುದೇ ಹೆಚ್ಚು. ಮುಂದಿನ ರೀಸೆಟ್ ಬಟನ್ ಅಂಟಿಕೊಂಡಿದ್ದರೂ ಇದೇ ತೊಂದರೆ ಬರುತ್ತದೆ, ಅದರ ವೈರ್ ಮದರ್‌ಬೋರ್ಡಿನಿಂದ ಬಿಚ್ಚಿ ಒಂದು ದಿನ ಓಡಿಸಿ ನೋಡಿ. ಬಗ್‌ಚೆಕ್‌ಕೋಡ್ 0 ಅಲ್ಲದಿದ್ದರೆ ದಾರಿಯೇ ಬೇರೆ: ರ್‍ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಮೆತ್ತಗೆ ರಬ್ಬರಿನಿಂದ ಒರೆಸಿ ಹಾಕಿ, ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ, ಹೊಸದಾಗಿ ಹಾಕಿದ ಡ್ರೈವರ್‌ಗಳನ್ನು ಪರೀಕ್ಷಿಸಿ.

ಕೊನೆಗೆ ಎಸ್‌ಎಂಪಿಎಸ್. ಪರಿಚಯದವರಿಂದ ಒಳ್ಳೆಯದೊಂದನ್ನು ಎರವಲು ತಂದು ಹಾಕಿ ನೋಡುವುದೇ ಅದಕ್ಕೆ ಸರಿಯಾದ ಪರೀಕ್ಷೆ. ನಿಂತರೆ ಹೊಸದು ಕೊಳ್ಳಿ, ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸುವುದಾದರೆ ಹೆಸರಿಲ್ಲದ ಅಗ್ಗದ ಮಾಲು ಮಾತ್ರ ಬೇಡ. ಹಳೆಯದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ. ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೀರಿದ ಡಿ.ಸಿ. ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಬೇರೆ ಎಸ್‌ಎಂಪಿಎಸ್ ಹಾಕಿ, ಇನ್ವರ್ಟರನ್ನು ಯುಪಿಎಸ್ ಕಡೆಗಿಟ್ಟು, ಪ್ರಿಂಟರ್ ಬೇರೆ ಸಾಕೆಟ್ಟಿಗೆ ಹೋದ ಮೇಲೂ ರೀಸ್ಟಾರ್ಟ್ ಆದರೆ, ಆಗ ಮದರ್‌ಬೋರ್ಡ್ ಮಾತು ನಂಬಬಹುದು. 41 ಬಿದ್ದ ಸಮಯಗಳ ಆ ಚೀಟಿಯನ್ನೂ ಬಗ್‌ಚೆಕ್‌ಕೋಡ್ ಅಂಕಿಯನ್ನೂ ರಿಪೇರಿಯವರ ಕೈಗೆ ಕೊಡಿ, ಇನ್ನೊಮ್ಮೆ ಫಾರ್ಮ್ಯಾಟ್ ಮಾಡಲು ಬಿಡಬೇಡಿ.