ಕಿರುಚಿದ ಬಾಯಲ್ಲೇ ನಗು ಬರುವುದು ಹೇಗೆ?

ಭೂತದ ಮನೆಯ ಹಾಸ್ಯ ಸಿನಿಮಾಗಳ ಕತೆ ಹೆಚ್ಚೂಕಮ್ಮಿ ಒಂದೇ. ಊರಲ್ಲಿ ಮುತ್ತಾತನ ಕಾಲದ ದೊಡ್ಡ ಮನೆ. ಆಸ್ತಿ ಭಾಗ ಮಾಡಿಕೊಳ್ಳಲು ಇಡೀ ಕುಟುಂಬ ಬಂದಿಳಿಯುತ್ತದೆ. ನಡುರಾತ್ರಿ ಮನೆಯ ಅಳಿಯ ನೀರು ಕುಡಿಯಲು ಅಡುಗೆಮನೆಗೆ ಹೋಗುತ್ತಾನೆ. ಅಟ್ಟದ ಮೇಲೆ ಏನೋ ಸರಿದ ಸದ್ದು. ಆಮೇಲೆ ಪೂರ್ತಿ ನಿಶ್ಶಬ್ದ. ಇದ್ದಕ್ಕಿದ್ದಂತೆ ಧಡಾರ್! ಥಿಯೇಟರಿನಲ್ಲಿ ಅರ್ಧ ಜನ ಕಿರುಚುತ್ತಾರೆ. ಬಿದ್ದದ್ದು ತಾಮ್ರದ ಕೊಡ, ಬೀಳಿಸಿದ್ದು ಬೆಕ್ಕು. ಮರುಕ್ಷಣವೇ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಬೆಕ್ಕು ಕೊಡ ಬೀಳಿಸಿದ್ದರಲ್ಲಿ ಅಷ್ಟೊಂದು ನಗುವಂಥದ್ದು ಏನಿದೆ?

ಏನೂ ಇಲ್ಲ. ಆ ನಗುವಿನ ಜೋರೆಲ್ಲ ಹೆದರಿಕೆಯಿಂದ ಕಡ ತಂದದ್ದು.

ಜೋರು ಸದ್ದು ಕಿವಿಗೆ ಬಿದ್ದರೆ ಅದರ ಸುದ್ದಿ ಮೊದಲು ತಲುಪುವುದು ಮಿದುಳಿನ ಕಾಂಡಕ್ಕೆ. ಯೋಚನೆ ಮಾಡುವ ಭಾಗ 'ಇದೇನು?' ಎಂದು ಕೇಳುವ ಹೊತ್ತಿಗೆ ಮೈ ತನ್ನ ಕೆಲಸ ಮುಗಿಸಿರುತ್ತದೆ. ಮೊದಲು ಕಣ್ಣುರೆಪ್ಪೆ ಮುಚ್ಚುತ್ತದೆ, ಅದೂ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವುದರೊಳಗೆ. ಕತ್ತು ಕುಗ್ಗುತ್ತದೆ, ಹೆಗಲು ಮೇಲೇರುತ್ತದೆ, ಕೈಯಲ್ಲಿದ್ದ ಪಾಪ್‌ಕಾರ್ನ್ ಪಕ್ಕದವರ ಮಡಿಲಿಗೆ ಬೀಳುತ್ತದೆ. ಇದರ ಹಿಂದೆಯೇ ಅಡ್ರಿನಲಿನ್ ರಕ್ತಕ್ಕೆ ಇಳಿದು ಎದೆ ಡವಡವ ಅನ್ನುತ್ತದೆ. ಬೆಕ್ಕು ಅಂತ ಗೊತ್ತಾದ ತಕ್ಷಣ ಮನಸ್ಸೇನೋ ಸಮಾಧಾನ ಆಗುತ್ತದೆ. ಎದೆಬಡಿತ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಉಳಿದ ಆ ಕಾವು ಮುಂದೆ ಬರುವ ಭಾವಕ್ಕೆ ಸೇರಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್ಮನ್ 1970ರ ದಶಕದಲ್ಲಿ ಇದನ್ನು ಸಿದ್ಧಾಂತವಾಗಿ ಮುಂದಿಟ್ಟರು. ಮಾಮೂಲಿ ಹೊತ್ತಲ್ಲಿ ತುಟಿ ಅರಳಿಸುವಷ್ಟೇ ಇರುವ ಜೋಕು ಇಲ್ಲಿ ಬಿದ್ದು ಬಿದ್ದು ನಗಿಸುವುದು ಹೀಗೆ.

ಆದರೆ ನಗುವೇ ಯಾಕೆ? ಚೆನ್ನೈನಲ್ಲಿ ವೈದ್ಯಕೀಯ ಓದಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಒಂದು ಊಹೆ ಮುಂದಿಟ್ಟಿದ್ದಾರೆ. ಅಪಾಯ ಅಂದುಕೊಂಡದ್ದು ಸುಳ್ಳು ಅಂತ ಗೊತ್ತಾದಾಗ 'ಏನಿಲ್ಲ, ಗಾಬರಿ ಬೇಡ' ಎಂದು ಗುಂಪಿಗೆ ಕೂಗಿ ಹೇಳುವ ಬಗೆಯೇ ನಗು ಎನ್ನುತ್ತಾರೆ ಅವರು. ಸಾಬೀತು ಮಾಡುವುದು ಕಷ್ಟ, ಆದರೂ ಬೆಕ್ಕಿನ ದೃಶ್ಯಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಹೆದರಿಸುವ ಕೆಲಸದಲ್ಲಿ ಮೇಕಪ್ಪಿಗಿಂತ ಸೌಂಡ್ ಎಂಜಿನಿಯರ್ ಪಾಲು ಜಾಸ್ತಿ. ಅನುಮಾನವಿದ್ದರೆ ಟಿವಿ ಮ್ಯೂಟ್ ಮಾಡಿ ನೋಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇನಿಯಲ್ ಬ್ಲೂಮ್‌ಸ್ಟೀನ್ ಅಳಿಲಿನ ಬಳಗದ ಮಾರ್ಮಟ್ ಎಂಬ ಪ್ರಾಣಿಯ ಕೂಗಿನ ಬಗ್ಗೆ ಸಂಶೋಧನೆ ಮಾಡಿದವರು. ಜೀವಭಯದಲ್ಲಿ ಕಿರುಚಿದಾಗ ಗಂಟಲು ಹಿಡಿತ ತಪ್ಪುತ್ತದೆ, ದನಿ ಒಡೆದು ಕರ್ಕಶವಾಗುತ್ತದೆ. ಅಂಥ ಸದ್ದು ಕೇಳಿದರೆ ಸುಮ್ಮನಿರುವುದು ಕಷ್ಟ. ಸಿನಿಮಾದವರೂ ಇದನ್ನೇ ಬಳಸುತ್ತಾರಾ ಎಂದು ಅವರ ತಂಡ 102 ಚಿತ್ರಗಳ ಧ್ವನಿಪಟ್ಟಿಯನ್ನು ಪರೀಕ್ಷಿಸಿತು. 2010ರಲ್ಲಿ ಬಂದ ಫಲಿತಾಂಶದ ಪ್ರಕಾರ ಭಯದ ಚಿತ್ರಗಳಲ್ಲಿ ಇಂಥ ಒಡಕು ಸದ್ದು ಬೇರೆ ಚಿತ್ರಗಳಿಗಿಂತ ಜಾಸ್ತಿ ಇತ್ತು. ಸಿನಿಮಾ ಮಂದಿ ಮಾರ್ಮಟ್ ಹಿಂದೆ ಬಿದ್ದವರೇನಲ್ಲ, ಕಿವಿಯನ್ನು ನಂಬಿ ಕೆಲಸ ಮಾಡಿದವರು.

ಹಳೇ ಮನೆಗೆ ಇಷ್ಟು ಖರ್ಚೂ ಬೇಕಿಲ್ಲ. ಹಗಲು ಕಾದ ಮರದ ತೊಲೆ, ಹೆಂಚು ರಾತ್ರಿ ತಣಿಯುತ್ತಾ ಕುಗ್ಗುತ್ತವೆ. ಒಂದಕ್ಕೊಂದು ಉಜ್ಜಿ ಟಕ್ ಅನ್ನುತ್ತವೆ. ಮುಂದಿನ ಟಕ್ ಯಾವಾಗ ಅಂತ ಗೊತ್ತಾಗದ ಕಾರಣ ಕಿವಿ ಅದಕ್ಕೇ ಕಾಯುತ್ತಾ ಕೂರುತ್ತದೆ. ಒಂದೇ ಸದ್ದು ಅದೇ ಲೆಕ್ಕದಲ್ಲಿ ಬರುತ್ತಿದ್ದರೆ ಮಿದುಳು ಒಗ್ಗಿಕೊಂಡುಬಿಡುತ್ತದೆ. ಇಂಟರ್‌ವಲ್ ಆದಮೇಲೆ ನಮ್ಮ ಎಷ್ಟೋ ಸಿನಿಮಾಗಳು ಸೊರಗುವುದು ಇದಕ್ಕೇ. ಅದೇ ಬಾಗಿಲು, ಅದೇ ಧಡಾರ್, ಸಾಲದ್ದಕ್ಕೆ ದೆವ್ವದ ಇಪ್ಪತ್ತು ನಿಮಿಷದ ಫ್ಲ್ಯಾಶ್‌ಬ್ಯಾಕ್. ಅದರ ಕಷ್ಟಸುಖ ಎಲ್ಲ ತಿಳಿದ ಮೇಲೆ ಹೆದರುವುದಾದರೂ ಯಾಕೆ?

ಹಾಗಂತ ಹೆದರಿಕೆ ಹೆಚ್ಚಿದಷ್ಟೂ ಮಜಾ ಅಂತಲೂ ಅಲ್ಲ. ಡೆನ್ಮಾರ್ಕ್‌ನಲ್ಲಿ ಟಿಕೆಟ್ ಕೊಟ್ಟು ಹೆದರಿಸಿಕೊಳ್ಳುವ ಭೂತದ ಮನೆಯೊಂದಕ್ಕೆ ಬಂದ 110 ಜನರಿಗೆ ಎದೆಬಡಿತ ಅಳೆಯುವ ಯಂತ್ರ ಕಟ್ಟಿ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಒಳಗೆ ಬಿಟ್ಟರು. ತೀರಾ ಕಡಿಮೆ ಹೆದರಿದವರಿಗೂ ತೀರಾ ಜಾಸ್ತಿ ಹೆದರಿದವರಿಗೂ ಅಷ್ಟಾಗಿ ಖುಷಿ ಸಿಗಲಿಲ್ಲ. ಖುಷಿ ಇದ್ದದ್ದು ನಡುವೆ. ಸಿನಿಮಾದಲ್ಲಿ ಪುಕ್ಕಲು ಅಳಿಯನ ಪಾತ್ರಕ್ಕಿರುವ ಕೆಲಸ ಇದೇ. ಹೆದರಿಕೆ ಮಿತಿ ಮೀರುವಾಗ ಅವನು ಪಂಚೆ ಎಡವಿ ಬೀಳುತ್ತಾನೆ. ಬೀಳುವುದು ಒಂದು ಕ್ಷಣ ಮುಂಚೆಯಾದರೆ ಹೆದರಿಕೆ ಹಾಳು, ತಡವಾದರೆ ನಗು ಹಾಳು.

ಮನೆಯಲ್ಲಿ ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ನೋಡುವವರಿಗೆ ಹೆದರಿಕೆಯೇನೋ ಪೂರ್ತಿ ಸಿಗಬಹುದು. ನಗುವಿನ ಲೆಕ್ಕ ಬೇರೆ. ನಗುವಿನ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ರಾಬರ್ಟ್ ಪ್ರೊವೈನ್ ಕಂಡುಕೊಂಡಂತೆ, ಒಬ್ಬರೇ ಇದ್ದಾಗಿಗಿಂತ ಜೊತೆಯಲ್ಲಿ ಜನ ಇದ್ದಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ.