ಗುಜರಿಯಿಂದ ಎದ್ದ ಲಿಬರೇಟರ್‌ಗಳು

ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದ ಚಕೇರಿ ನೆಲೆಯಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು, ಮತ್ತೆ ಯಾರೂ ಹಾರಿಸದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. 1948ರಲ್ಲಿ ಎಚ್‌ಎಎಲ್ ಆ ಗುಜರಿಗೆ ಕೈಹಾಕಿತು. ಹೇಗೋ ಹಾರುವಷ್ಟರ ಮಟ್ಟಿಗೆ ಅಲ್ಲೇ ತೇಪೆ ಹಾಕಿದ್ದಾಯಿತು. ಪೈಲಟ್ ಜಮ್‌ಶೇದ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಪೂರ್ತಿ ರಿಪೇರಿ ನಡೆದದ್ದು ಇಲ್ಲಿ. ಎದ್ದುನಿಂತವು 40ರ ಆಸುಪಾಸು.

ಇದು ಬರೀ ಹುಂಬ ಧೈರ್ಯವಲ್ಲ. ಲಿಬರೇಟರ್‌ನ ಆರ್-1830 ಎಂಜಿನ್ ಡಕೋಟಾ ಸಾಗಣೆ ವಿಮಾನ, ನೀರಿನ ಮೇಲೇ ಇಳಿಯಬಲ್ಲ ಕ್ಯಾಟಲೀನಾಗಳಲ್ಲೂ ಇತ್ತು. ಯುದ್ಧಕಾಲದಲ್ಲಿ ಕ್ಯಾಟಲೀನಾಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಗೇ ಬಂದಿಳಿಯುತ್ತಿದ್ದವು (ಹೌದು, ಈಗ ನೊರೆಗೆ ಹೆಸರಾದ ಅದೇ ಕೆರೆ). ಕೆಲಸಗಾರರ ಕೈ ಪಳಗಿತ್ತು.

ಈ ಎಂಜಿನ್ನಿನಲ್ಲಿ 14 ಸಿಲಿಂಡರ್‌ಗಳು, ಚಕ್ರದ ಅರಗಳಂತೆ ಏಳೇಳರ ಎರಡು ಸಾಲು. ಸುಮ್ಮನೆ ನಿಂತರೆ ಎಣ್ಣೆ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಸಿಲಿಂಡರ್‌ಗಳಿಗೆ ಜಿನುಗುತ್ತದೆ. ಗಾಳಿಯನ್ನು ಅದುಮಬಹುದು, ಎಣ್ಣೆ ಅದುಮಿಸಿಕೊಳ್ಳುವುದಿಲ್ಲ. ಹಾಗೇ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗಲೇ ಮುರಿದರೆ ಪುಣ್ಯ, ಬಾಗಿದ್ದು ಆಮೇಲೆ ಆಕಾಶದಲ್ಲಿ ಮುರಿಯುವುದೂ ಉಂಟು. ಅದಕ್ಕೇ ಮೊದಲು ಇಗ್ನಿಷನ್ ಆಫ್ ಮಾಡಿ, 6 ಅಲಗು ದಾಟುವಷ್ಟು, ಅಂದರೆ ಎರಡು ಸುತ್ತು, ಪ್ರೊಪೆಲರನ್ನು ಕೈಯಲ್ಲಿ ತಿರುಗಿಸುತ್ತಾರೆ. ಎಲ್ಲಾದರೂ ಬಿಗಿ ಹಿಡಿದರೆ ಜಗ್ಗಕೂಡದು, ಹಿಂದಕ್ಕೂ ತಿರುಗಿಸಕೂಡದು: ಹಿಂದಕ್ಕೆ ತಿರುಗಿಸಿದರೆ ಎಣ್ಣೆ, ಗಾಳಿ ಒಳಬರುವ ಇನ್‌ಟೇಕ್ ಪೈಪಿಗೆ ಸೇರಿ, ಎಂಜಿನ್ ಹೊತ್ತಿಕೊಂಡಾಗ ಮರಳಿ ಬರುತ್ತದೆ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಸುರಿಸುವುದೊಂದೇ ದಾರಿ.

ವಾಯುಪಡೆ ಇವನ್ನು 1968ರವರೆಗೆ ಹಾರಿಸಿತು. ಬೇರೆ ದೇಶಗಳಲ್ಲಿ ಇದೇ ವಿಮಾನಗಳು ಅಷ್ಟರೊಳಗೆ ಕರಗಿ ಅಲ್ಯೂಮಿನಿಯಂ ಗಟ್ಟಿಗಳಾಗಿದ್ದವು. ಹಾಗಾಗಿ ಬ್ರಿಟನ್, ಕೆನಡಾ, ಅಮೆರಿಕದ ಮ್ಯೂಸಿಯಂಗಳು ಲಿಬರೇಟರ್‌ಗಾಗಿ ಭಾರತದತ್ತ ನೋಡಬೇಕಾಯಿತು. ಇಲ್ಲಿಂದ ಹೋದದ್ದೊಂದು 1989ರಲ್ಲಿ ಅಮೆರಿಕದಲ್ಲಿ ಮತ್ತೆ ಹಾರಿತು.

ಹಾರದೆ ಬಯಲಲ್ಲಿ ನಿಲ್ಲುವ ವಿಮಾನದ ಪಾಡು ಬೇರೆ. ಎಚ್‌ಎಎಲ್ ಮ್ಯೂಸಿಯಂನಲ್ಲಿರುವ ಕ್ಯಾನ್‌ಬೆರಾದಂಥ ಬಾಂಬರ್‌ಗೂ ಶತ್ರು ಮಳೆಯೇ. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂಗೆ ತಾಗಿದಲ್ಲಿ ನೀರು ನಿಂತರೆ ಪುಟ್ಟ ಬ್ಯಾಟರಿ ಆದಂತೆ, ಸವೆಯುವುದು ಅಲ್ಯೂಮಿನಿಯಂ. ಮೇಲೆ ಹೊಸ ಬಣ್ಣ ಬಳಿಯುವುದು ಹುಣ್ಣಿಗೆ ಪೌಡರ್ ಹಚ್ಚಿದಂತೆ. ನೀರು ಹರಿದುಹೋಗಲೆಂದು ಹೊಟ್ಟೆಯಡಿ ಇರುವ ಡ್ರೈನ್ ರಂಧ್ರಗಳು ಧೂಳಿನಿಂದಲೋ ಹಕ್ಕಿಗೂಡಿನ ಕಸದಿಂದಲೋ ಮುಚ್ಚಿರುತ್ತವೆ. ಮುಂಗಾರಿಗೆ ಮುಂಚೆ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಬೇಕು. ಉಕ್ಕಿನ ತಂತಿ ಬೇಡ, ಗೀರು ಬೀಳುತ್ತದೆ. ಆಮೇಲೆ ತಗಡು ಜೋಡಿಸುವ ರಿವೆಟ್ ಮೊಳೆಗಳ ಸಾಲಿನ ಮೇಲೆ ಬೆರಳಾಡಿಸಿ: ತಗಡು ದಿಂಬಿನಂತೆ ಉಬ್ಬಿ, ಬೆರಳಿಗೆ ಬಿಳಿ ಪುಡಿ ಹತ್ತಿದರೆ ಒಳಗಿನ ಪದರ ಆಗಲೇ ಹೋಗಿದೆ.